ಕಾಸರಗೋಡಿನಲ್ಲಿ ಆಹಾರ ವ್ಯಾಪಾರ: ಪಂಚಾಯತ್ ಲೈಸೆನ್ಸ್, ಆಹಾರ ನೋಂದಣಿ ಎರಡನ್ನೂ ಸರಿಯಾದ ಕ್ರಮದಲ್ಲಿ ಮಾಡಿಸುವುದು ಹೇಗೆ?

ಮನೆಯಲ್ಲಿ ಹಲಸಿನ ಹಪ್ಪಳ ಮಾಡುವವರು, ಪೇಟೆಯಲ್ಲಿ ಸಣ್ಣ ಹೋಟೆಲ್ ಇಡುವವರು, ಮಿಡಿ ಉಪ್ಪಿನಕಾಯಿ ಹಾಕಿ ಮಂಗಳೂರಿಗೆ ಕಳಿಸುವವರು, ಎಲ್ಲರ ಪ್ರಶ್ನೆಯೂ ಒಂದೇ: "ಅರ್ಜಿ ಹಾಕಿದ್ದೆ, ವಾಪಸ್ ಬಂತು. ಎಲ್ಲಿ ತಪ್ಪಿತು?" ಹೆಚ್ಚಿನ ಸಲ ತಪ್ಪು ಅಡುಗೆಯಲ್ಲಿ ಇರುವುದಿಲ್ಲ. ಒಂದು ಕಾಗದದಲ್ಲಿ ಇರುವ ಹೆಸರು ಇನ್ನೊಂದರಲ್ಲಿ ಇರುವುದಿಲ್ಲ. ಅಥವಾ ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ. ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಮಧ್ಯದಿಂದ ಶುರುಮಾಡಬೇಡಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬೇಕಾಗಿರುವುದು ಎರಡು ಬೇರೆ ಬೇರೆ ಕಾಗದ.

ಒಂದು, ಪಂಚಾಯತ್ ಅಥವಾ ನಗರಸಭೆ ಕೊಡುವ ವ್ಯಾಪಾರದ ಲೈಸೆನ್ಸ್. ನಮ್ಮಲ್ಲಿ ಇದನ್ನು "ಡಿ ಆಂಡ್ ಓ ಲೈಸೆನ್ಸ್" ಎಂದೂ ಹೇಳುವುದುಂಟು. ಈ ಕಟ್ಟಡದಲ್ಲಿ ಈ ವ್ಯಾಪಾರ ನಡೆಸಬಹುದು ಎಂಬ ಒಪ್ಪಿಗೆ ಅದು. 1994ರ ಕೇರಳ ಪಂಚಾಯತ್ ರಾಜ್ ಕಾನೂನು, ಅದೇ ವರ್ಷದ ಮುನಿಸಿಪಾಲಿಟಿ ಕಾನೂನು ಇದಕ್ಕೆ ಆಧಾರ.

ಎರಡು, ಆಹಾರ ಸುರಕ್ಷತೆಯ ನೋಂದಣಿ. ಜನ ಹೇಳುವ ಹೆಸರು "ಎಫ್ಎಸ್ಎಸ್ಎಐ". 2006ರ ಕೇಂದ್ರ ಕಾನೂನಿನ ಪ್ರಕಾರ ಇದು ಬರುತ್ತದೆ. ಕೊಡುವುದು ಪಂಚಾಯತ್ ಅಲ್ಲ, ಆಹಾರ ಸುರಕ್ಷತಾ ಅಧಿಕಾರಿ.

ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವ ಹಾಗಿಲ್ಲ. ಆಹಾರ ನೋಂದಣಿ ಇಲ್ಲದೆ ವ್ಯಾಪಾರ ಮಾಡುವುದು ಕಾನೂನಿಗೆ ವಿರುದ್ಧ. ದೊಡ್ಡ ದಂಡ ಬೀಳಬಹುದು. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮ ತಿಂದು ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡಳು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವವರು ಯಾರೂ ಇಲ್ಲ, ಇರಲೂಬಾರದು.

ಹಂತ 1: ನಿಮ್ಮ ವ್ಯಾಪಾರ ಯಾವುದು, ಎಷ್ಟು ದೊಡ್ಡದು ಎಂದು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ. ಏನು ಮಾಡುತ್ತೀರಿ? ಎಲ್ಲಿ ಮಾಡುತ್ತೀರಿ? ವರ್ಷಕ್ಕೆ ಎಷ್ಟು ರೂಪಾಯಿಯ ಮಾರಾಟ ಆಗಬಹುದು?

ಮೂರನೆಯ ಸಾಲು ಲಾಭದ ಲೆಕ್ಕ ಅಲ್ಲ, ಒಟ್ಟು ಮಾರಾಟದ ಲೆಕ್ಕ. ತುಂಬಾ ಜನ ಎಡವುವುದು ಇಲ್ಲೇ. ತಿಂಗಳಿಗೆ ಇಪ್ಪತ್ತು ಸಾವಿರ ಕೈಗೆ ಸಿಗುವವರ ಮಾರಾಟ ಒಂದು ಲಕ್ಷ ಇರಬಹುದು.

ಈ ಲೆಕ್ಕದ ಮೇಲೆ ನಿಮಗೆ "ನೋಂದಣಿ" ಸಾಕೋ, "ಲೈಸೆನ್ಸ್" ಬೇಕೋ ಎಂದು ಗೊತ್ತಾಗುತ್ತದೆ. 2011ರ ನಿಯಮ ಬಂದಾಗ ಸಣ್ಣವರ ಮಿತಿಯನ್ನು ವರ್ಷಕ್ಕೆ 12 ಲಕ್ಷ ಎಂದು ಇಟ್ಟಿದ್ದರು. ಆಗ ಅಷ್ಟರೊಳಗಿನವರಿಗೆ ನೋಂದಣಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಮೇಲಿನವರಿಗೆ ಲೈಸೆನ್ಸ್, ಶುಲ್ಕವೂ ಸಾವಿರದ ಲೆಕ್ಕದಲ್ಲಿ. ಇಂಥ ಮಿತಿಗಳನ್ನು ತಿದ್ದುಪಡಿಯಲ್ಲಿ ಬದಲಿಸುತ್ತಾರೆ. ಆದ್ದರಿಂದ ಅರ್ಜಿ ಹಾಕುವ ದಿನ ಫೋಸ್ಕೋಸ್ (ಆಹಾರ ನೋಂದಣಿಗೆ ಅರ್ಜಿ ಹಾಕುವ ಕೇಂದ್ರ ಸರ್ಕಾರದ ಆನ್‌ಲೈನ್ ತಾಣ) ತೆರೆದು, ಅರ್ಹತೆ ನೋಡುವ ಭಾಗಕ್ಕೆ ಹೋಗಿ, ನಿಮ್ಮ ಮೊತ್ತ ಹಾಕಿ, ಅದು ತೋರಿಸಿದ ವಿಭಾಗವನ್ನೇ ಹಿಡಿಯಿರಿ. ಪಕ್ಕದ ಅಂಗಡಿಯವರು ಎರಡು ವರ್ಷದ ಹಿಂದೆ ಮಾಡಿದ್ದನ್ನು ನೋಡಿ ಮಾಡಬೇಡಿ.

"ನಮ್ಮದು ಬರೀ ಜಾತ್ರೆಯ ಸ್ಟಾಲ್, ನಮಗೂ ಬೇಕಾ?" ಬೇಕು. ಕುಂಬಳೆ ಬೆಡಿಗೆ ಚರುಮುರಿ ಗಾಡಿ ಇಡುವವರು, ಬಯಲಾಟದ ಬಳಿ ಗೋಳಿಬಜೆ ಕರಿಯುವವರು, ತಲೆಹೊರೆಯಲ್ಲಿ ಮಾರುವವರು ಎಲ್ಲರೂ ಸಣ್ಣ ಆಹಾರ ವ್ಯಾಪಾರಿಗಳ ವ್ಯಾಖ್ಯೆಯೊಳಗೆ ಬರುತ್ತಾರೆ. ತಾತ್ಕಾಲಿಕ ಸ್ಟಾಲ್ ಎಂಬ ಮಾತು ನಿಯಮದಲ್ಲೇ ಇದೆ.

ಗಡಿಯವರಿಗೆ ಇನ್ನೊಂದು ಮಾತು. ವರ್ಕಾಡಿಯಲ್ಲಿ ತಯಾರಿಸಿದ ಹಪ್ಪಳವನ್ನು ಪುತ್ತೂರಿನ ಅಂಗಡಿಗೆ ಕೊಡಲು ಕರ್ನಾಟಕದ್ದು ಬೇರೆ ನೋಂದಣಿ ಬೇಡ. ಆದರೆ ನೀವೇ ಪುತ್ತೂರಿನಲ್ಲಿ ಅಂಗಡಿ ತೆರೆದರೆ ಆ ಜಾಗಕ್ಕೆ ಬೇರೆಯೇ ನೋಂದಣಿ ಬೇಕು. ನೋಂದಣಿ ಮನುಷ್ಯನಿಗೆ ಮಾತ್ರ ಅಲ್ಲ, ಜಾಗಕ್ಕೂ ಅಂಟಿಕೊಂಡಿರುತ್ತದೆ. ಒಂದೇ ಪಂಚಾಯತ್‌ನೊಳಗೆ ಎರಡು ಕಡೆ ವ್ಯಾಪಾರ ಇದ್ದರೂ ಎರಡು ನೋಂದಣಿ.

ಹಂತ 2: ಕಟ್ಟಡದ ಕಾಗದ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ

ಕಟ್ಟಡ ಬಾಡಿಗೆಗೆ ಹಿಡಿದು, ಬಣ್ಣ ಹೊಡೆದು, ಒಲೆ ಕೂರಿಸಿ, ಬೋರ್ಡ್ ಹಾಕಿದ ಮೇಲೆ ಪಂಚಾಯತ್‌ಗೆ ಹೋಗುವವರೇ ಜಾಸ್ತಿ. ಅಲ್ಲಿ ಕೌಂಟರಿನಲ್ಲಿ ಮೊದಲು ಕೇಳುವುದು: "ಅಕ್ಕಾ, ಇದು ಮನೆ ನಂಬ್ರವಾ, ಅಂಗಡಿ ನಂಬ್ರವಾ?" ಆಗ ಉತ್ತರ ಇರುವುದಿಲ್ಲ.

ಬಾಡಿಗೆ ಮಾತಾಡುವ ಮೊದಲೇ ಯಜಮಾನರಿಂದ ಮೂರು ಸಂಗತಿ ಕೇಳಿ. ಕಟ್ಟಡ ತೆರಿಗೆ ಕಟ್ಟಿದ ಹೊಸ ರಶೀದಿ ಇದೆಯಾ? ಅದರಲ್ಲಿ ವಾರ್ಡ್ ಮತ್ತು ಕಟ್ಟಡ ನಂಬ್ರ ಇದೆಯಾ? ಆ ನಂಬ್ರ ಪಂಚಾಯತ್ ಪುಸ್ತಕದಲ್ಲಿ ವಾಸದ ಮನೆ ಎಂದಿದೆಯಾ, ವಾಣಿಜ್ಯ ಎಂದಿದೆಯಾ? ವಾರ್ಡ್ ವಿಂಗಡಣೆ ಬದಲಾದ ಕಡೆ ಹಳೇ ನಂಬ್ರವೂ ಹೊಸ ನಂಬ್ರವೂ ಚಾಲ್ತಿಯಲ್ಲಿರುತ್ತವೆ. ಪಂಚಾಯತ್‌ನಿಂದ ಮಾಲಕತ್ವದ ಸರ್ಟಿಫಿಕೇಟ್ ತೆಗೆಸಿದರೆ ಈಗ ನಡೆಯುವ ನಂಬ್ರ ಯಾವುದೆಂದು ಸಂಶಯ ಉಳಿಯುವುದಿಲ್ಲ.

ಮನೆಯಲ್ಲೇ ಮಾಡುವವರು ಹೆದರಬೇಕಾಗಿಲ್ಲ. ಮನೆಯ ಒಂದು ಭಾಗದಲ್ಲಿ ಸಣ್ಣ ಉದ್ಯಮ ನಡೆಸಲು ಕೇರಳದಲ್ಲಿ ಅವಕಾಶ ಇದೆ. ಆದರೆ ಯಾವ ಭಾಗ ಎಂದು ನೀವು ತೋರಿಸಬೇಕು. ಹಪ್ಪಳ ಲಟ್ಟಿಸುವ ಕೋಣೆ, ಒಣಗಿಸುವ ಜಾಗ, ಪ್ಯಾಕ್ ಮಾಡುವ ಮೇಜು ಇವುಗಳಿಗೆ ಒಂದು ಗಡಿ ಇರಲಿ. ಅದೇ ಕೋಣೆಯಲ್ಲಿ ರಾತ್ರಿ ಮಲಗುವುದು, ಅದೇ ಜಗಲಿಯಲ್ಲಿ ಅಡಿಕೆ ಸುಲಿಯುವುದು ಇದ್ದರೆ ತಪಾಸಣೆಯಲ್ಲಿ ತೊಂದರೆ.

ಗದ್ದೆ ತುಂಬಿಸಿ ಕಟ್ಟಿದ ಜಾಗವಾ ಎಂದೂ ಕೇಳಿಕೊಳ್ಳಿ. 2008ರ ಗದ್ದೆ-ತೇವಭೂಮಿ ಸಂರಕ್ಷಣಾ ಕಾನೂನು ಕೇರಳದಲ್ಲಿ ಬಿಗಿಯಾಗಿದೆ. ಅಂಥ ಜಾಗದಲ್ಲಿ ಕಟ್ಟಡಕ್ಕೇ ನಂಬ್ರ ಸಿಗದಿದ್ದರೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ.

ಬಾಡಿಗೆ ಕರಾರನ್ನು ಮುದ್ರಾಂಕ ಕಾಗದದಲ್ಲೇ ಮಾಡಿಸಿ. ಅದರೊಳಗೆ "ಆಹಾರ ತಯಾರಿ ಮತ್ತು ಮಾರಾಟಕ್ಕಾಗಿ" ಎಂಬ ಮಾತು ಇರಬೇಕು. "ವ್ಯಾಪಾರಕ್ಕಾಗಿ" ಎಂದಷ್ಟೇ ಇದ್ದರೆ ನಾಳೆ ಯಜಮಾನರು "ಅಡುಗೆ ಮಾಡ್ತೀರಿ ಅಂತ ನನಗೆ ಗೊತ್ತಿರಲಿಲ್ಲ" ಎನ್ನಬಹುದು.

ಹಂತ 3: ನೀರಿನ ಪರೀಕ್ಷೆ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರದ್ದು ಬಾವಿ ನೀರು, ಒಳನಾಡಿನಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಕಣ್ಣಿಗೆ ತಿಳಿಯಾಗಿ ಕಾಣುತ್ತದೆ, ಕುಡಿದರೆ ಸಿಹಿ. ಆದರೂ ಪರೀಕ್ಷೆಯಲ್ಲಿ ಫೇಲ್ ಆಗುತ್ತದೆ.

ಮೊದಲು ಬಾವಿ ನೋಡಿ. ಸುತ್ತ ಕಟ್ಟೆ ಇದೆಯಾ? ಮೇಲೆ ಬಲೆ ಇದೆಯಾ? ಪಾತ್ರೆ ತೊಳೆದ ನೀರು ಬಾವಿ ಕಡೆಗೆ ಹರಿಯುತ್ತದಾ? ಕೇರಳದ ಕಟ್ಟಡ ನಿಯಮದಲ್ಲಿ ಕುಡಿಯುವ ನೀರಿನ ಬಾವಿಗೂ ಶೌಚದ ಗುಂಡಿಗೂ ನಡುವೆ ಏಳೂವರೆ ಮೀಟರ್ ದೂರ ಕೇಳುತ್ತಾರೆ. ಟೇಪ್ ಹಿಡಿದು ಅಳೆಯಿರಿ. ನಿಮ್ಮ ಗುಂಡಿ ದೂರ ಇದ್ದು, ಪಕ್ಕದ ಮನೆಯವರ ಗುಂಡಿ ಹತ್ತಿರ ಇರುವುದೂ ಉಂಟು. ಅದನ್ನೂ ಅಳೆಯಿರಿ.

ಸ್ಯಾಂಪಲ್ ತೆಗೆಯುವುದರಲ್ಲೇ ಅರ್ಧ ಜನ ಸೋಲುತ್ತಾರೆ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಶುದ್ಧೀಕರಿಸಿದ ಬಾಟ್ಲಿಯೇ ಬೇಕು. ಅದರ ತಳದಲ್ಲಿ ಕೆಲವೊಮ್ಮೆ ಸ್ವಲ್ಪ ಬಿಳಿ ಪುಡಿ ಅಥವಾ ಒಂದೆರಡು ಹನಿ ದ್ರವ ಇರುತ್ತದೆ. ಕೊಳೆ ಎಂದುಕೊಂಡು ತೊಳೆಯಬೇಡಿ. ನೀರಿನಲ್ಲಿರುವ ಕ್ಲೋರಿನ್ ಈ ರೋಗಾಣು ಪರೀಕ್ಷೆಯನ್ನು ಕೆಡಿಸದ ಹಾಗೆ ಹಾಕಿದ ಸೋಡಿಯಂ ಥಯೋಸಲ್ಫೇಟ್ ಅದು. ನಳ್ಳಿಯ ಬಾಯಿಯನ್ನು ಒರೆಸಿ, ಒಂದೆರಡು ನಿಮಿಷ ನೀರು ಬಿಟ್ಟು, ಕೈಬೆರಳು ಬಾಟ್ಲಿಯ ಬಾಯಿಗೆ ತಾಗದ ಹಾಗೆ ಹಿಡಿಯಿರಿ. ಕತ್ತಿನವರೆಗೆ ತುಂಬಿಸಬೇಡಿ, ಮೇಲೆ ಸ್ವಲ್ಪ ಖಾಲಿ ಬಿಡಿ. ಮುಚ್ಚಳವನ್ನು ನೆಲದಲ್ಲಿ ಇಡಬೇಡಿ. ಐಸ್ ಇಟ್ಟ ಡಬ್ಬದಲ್ಲಿ ಅದೇ ದಿನ, ಆದಷ್ಟು ಆರು ಗಂಟೆಯೊಳಗೆ ತಲುಪಿಸಿ. ಪೆರ್ಲದಿಂದಲೋ ಅಡೂರಿನಿಂದಲೋ ಬಸ್ಸಿನಲ್ಲಿ ಹೋಗುವವರು ಬೆಳಗ್ಗೆ ಮೊದಲ ಕೆಲಸವಾಗಿ ತೆಗೆದು ಹೊರಡಿ. ರಾಸಾಯನಿಕ ಪರೀಕ್ಷೆಗೆ ಬೇರೆ ಬಾಟ್ಲಿ, ಅದಕ್ಕೆ ನೀರು ಜಾಸ್ತಿ ಬೇಕು.

ಎಲ್ಲ ಪ್ರಯೋಗಾಲಯದ ವರದಿಯನ್ನೂ ಒಪ್ಪುವುದಿಲ್ಲ. ಕೇರಳ ಜಲ ಪ್ರಾಧಿಕಾರದ್ದು ಅಥವಾ ಎನ್ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವುದು ನೋಡಿ. ದುಡ್ಡು ಕಟ್ಟುವ ಮೊದಲೇ ಕೇಳಿ.

ವರದಿ ಬಂದಾಗ ಎರಡು ಸಾಲು ಮೊದಲು ಹುಡುಕಿ. ಕುಡಿಯುವ ನೀರಿನ ಮಾನದಂಡದ ಪ್ರಕಾರ 100 ಮಿಲಿಲೀಟರಿನಲ್ಲಿ ಇ-ಕೋಲೈ ಇರಲೇಬಾರದು. ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು. ಮುರಕಲ್ಲಿನ ನೆಲದ ಬಾವಿಗಳಲ್ಲಿ ನೀರು ಹುಳಿಯ ಕಡೆಗೆ ವಾಲುವುದು ಸಾಮಾನ್ಯ. ಪಿಎಚ್ ಆರಕ್ಕಿಂತ ಕೆಳಗೆ ಬಂದರೆ ಗಾಬರಿ ಬೇಡ, ಅದನ್ನು ಸರಿಮಾಡುವ ಫಿಲ್ಟರ್ ಸಿಗುತ್ತದೆ. ಇ-ಕೋಲೈ ಕಂಡರೆ ಮಾತ್ರ ಅದು ಬೇರೆ ವಿಷಯ. ಮಲಿನ ನೀರು ಎಲ್ಲಿಂದಲೋ ಸೇರುತ್ತಿದೆ ಎಂದರ್ಥ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಸಾಮಾನ್ಯ ಲೆಕ್ಕ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಪುಡಿಯನ್ನು ನೀರಿನಲ್ಲಿ ಕಲಸಿ, ಗಸಿ ತಂಗಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಡಿ. ಮಲಿನ ಆಗಿದೆ ಎಂದು ಗೊತ್ತಾದ ಮೇಲೆ ಎಷ್ಟು ಹಾಕಬೇಕೆಂದು ಆರೋಗ್ಯ ಕೇಂದ್ರದವರನ್ನೇ ಕೇಳಿ. ಆದರೆ ಮೂಲ ಕಾರಣ ಸರಿಮಾಡದೆ ಬರೀ ಪುಡಿ ಹಾಕಿ ವರದಿ ಪಾಸ್ ಮಾಡಿಸಿಕೊಂಡರೆ ಮಳೆಗಾಲದಲ್ಲಿ ನಿಮ್ಮ ಗಿರಾಕಿಗೇ ಹೊಟ್ಟೆನೋವು ಬರುತ್ತದೆ.

ಹಂತ 4: ಹೆಲ್ತ್ ಕಾರ್ಡ್

2023ರಿಂದ ಕೇರಳದಲ್ಲಿ ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ಹೆಲ್ತ್ ಕಾರ್ಡ್ ಕಡ್ಡಾಯ. ಯಜಮಾನರಿಗೂ ಬೇಕು. ಬಡಿಸುವ ಹುಡುಗನಿಗೂ, ಪಾತ್ರೆ ತೊಳೆಯುವ ಅಮ್ಮನಿಗೂ ಬೇಕು. ನೋಂದಾಯಿತ ವೈದ್ಯರು ಚರ್ಮ, ಗಾಯ, ಉಗುರು, ಕಣ್ಣು ನೋಡುತ್ತಾರೆ, ಬೇಕಾದ ರಕ್ತಪರೀಕ್ಷೆ ಮಾಡಿಸುತ್ತಾರೆ. ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡಿರಬೇಕು. ಕಾರ್ಡಿನ ಅವಧಿ ಒಂದು ವರ್ಷ.

ಇಲ್ಲಿ ನಡೆಯುವ ತಪ್ಪು: ಶುರುವಿನಲ್ಲಿ ಎಲ್ಲರಿಗೂ ಮಾಡಿಸುತ್ತಾರೆ, ಆಮೇಲೆ ಬಂದ ಹೊಸ ಕೆಲಸದವರಿಗೆ ಮರೆಯುತ್ತಾರೆ. ಹೊರರಾಜ್ಯದ ಕೆಲಸಗಾರರು ಬಂದು ಹೋಗುತ್ತಿರುವ ಹೋಟೆಲುಗಳಲ್ಲಿ ಇದು ತುಂಬಾ. ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಕಾರ್ಡ್ ಕೇಳುವ ರೂಢಿ ಇಟ್ಟುಕೊಳ್ಳಿ.

ಹಂತ 5: ಹೆಸರು ಮತ್ತು ವಿಳಾಸ ತಾಳೆ ಹಾಕಿ

ಅರ್ಜಿ ವಾಪಸ್ ಬರುವ ದೊಡ್ಡ ಕಾರಣ ಇದು. ಹಾಗಾಗಿ ಇದಕ್ಕೆ ಒಂದು ಸಂಜೆ ಪೂರ್ತಿ ಇಡಿ.

ಆಧಾರ್, ಪಾನ್, ತೆರಿಗೆ ರಶೀದಿ, ಬಾಡಿಗೆ ಕರಾರು, ಬ್ಯಾಂಕ್ ಪಾಸ್ ಪುಸ್ತಕ ಇಷ್ಟನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರನ್ನು ಒಂದೊಂದು ಅಕ್ಷರವಾಗಿ ಓದಿ. ನಮ್ಮಲ್ಲಿ ಶಾಲೆಯಲ್ಲಿ ಒಂದು ಹೆಸರು, ಜಾಗದ ಕಾಗದದಲ್ಲಿ ಮನೆತನ ಸೇರಿದ ಹೆಸರು, ಆಧಾರಿನಲ್ಲಿ ಇನಿಷಿಯಲ್ ಮುಂದೆ, ಪಾನಿನಲ್ಲಿ ಹಿಂದೆ. ಒಂದರಲ್ಲಿ "ಭಟ್", ಇನ್ನೊಂದರಲ್ಲಿ "ಭಟ್ಟ". ತೆರಿಗೆ ರಶೀದಿ ಮಲಯಾಳದಲ್ಲಿ ಇರುತ್ತದೆ, ಅದರಿಂದ ಇಂಗ್ಲಿಷಿಗೆ ಬರೆಯುವಾಗ ಇನ್ನೊಂದು ರೂಪ ಹುಟ್ಟಿಕೊಳ್ಳುತ್ತದೆ.

ಆಧಾರಿನಲ್ಲಿ ಇರುವ ರೂಪವನ್ನೇ ಎಲ್ಲ ಅರ್ಜಿಯಲ್ಲೂ ಬಳಸಿ. ಬೇರೆ ಕಾಗದದಲ್ಲಿ ವ್ಯತ್ಯಾಸ ಇದ್ದರೆ, ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ಮೊದಲೇ ತೆಗೆದಿಡಿ. ಜಾಗ ಮಾವನ ಹೆಸರಿನಲ್ಲೋ ಅತ್ತೆಯ ಹೆಸರಿನಲ್ಲೋ ಇದ್ದರೆ ಅವರಿಂದ ಒಪ್ಪಿಗೆ ಪತ್ರ ಬೇಕು. ಮನೆಯವರೇ ಅಲ್ವಾ ಎಂದು ಬಿಡಬೇಡಿ. ಅಧಿಕಾರಿಗೆ ಕಾಗದ ಬೇಕು, ಸಂಬಂಧ ಅಲ್ಲ. ಜಾಗದ ಹಕ್ಕುದಾರರು ತೀರಿಹೋಗಿದ್ದರೆ ಮೊದಲು ತೆರಿಗೆ ಪುಸ್ತಕದಲ್ಲಿ ಹೆಸರು ಬದಲಿಸಿಕೊಳ್ಳಿ. ಇದಕ್ಕೆ ಸಮಯ ಹಿಡಿಯುತ್ತದೆ, ಬೇಗ ಶುರುಮಾಡಿ.

ವಿಳಾಸವೂ ಹಾಗೆಯೇ. ಅಂಚೆ ಕಚೇರಿ ಒಂದು ಊರಿನದು, ಪಂಚಾಯತ್ ಇನ್ನೊಂದು, ಗ್ರಾಮ ಮತ್ತೊಂದು ಆಗಿರುತ್ತದೆ. ಒಂದು ಚೀಟಿಯಲ್ಲಿ ವಿಳಾಸವನ್ನು ಒಮ್ಮೆ ಸರಿಯಾಗಿ ಬರೆದಿಟ್ಟು, ಎಲ್ಲ ಕಡೆ ಅದನ್ನೇ ನಕಲು ಮಾಡಿ: ವ್ಯಾಪಾರದ ಹೆಸರು, ವಾರ್ಡ್ ಮತ್ತು ಕಟ್ಟಡ ನಂಬ್ರ, ಊರು, ಅಂಚೆ, ಪಂಚಾಯತ್, ತಾಲೂಕು, ಪಿನ್. ಮಂಜೇಶ್ವರ ತಾಲೂಕು ಬೇರೆಯಾಗಿ ವರ್ಷಗಳೇ ಕಳೆದರೂ ಹಳೇ ಕಾಗದಗಳಲ್ಲಿ "ಕಾಸರಗೋಡು ತಾಲೂಕು" ಎಂದೇ ಇರುತ್ತದೆ. ಈಗಿನ ತಾಲೂಕನ್ನೇ ಬರೆಯಿರಿ.

ಹಂತ 6: ಪಂಚಾಯತ್ ಅಥವಾ ನಗರಸಭೆಗೆ ಅರ್ಜಿ

ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಗಳು. ಉಳಿದ ಕಡೆ ಗ್ರಾಮ ಪಂಚಾಯತ್. ಅರ್ಜಿ ಹಾಕುವುದು ಕೆ-ಸ್ಮಾರ್ಟ್ ತಾಣದಲ್ಲಿ. ನಗರಸಭೆಗಳಲ್ಲಿ ಇದು 2024ರ ಜನವರಿಯಿಂದ, ಪಂಚಾಯತ್‌ಗಳಲ್ಲಿ 2025ರ ಏಪ್ರಿಲಿನಿಂದ ಬಂದಿದೆ. ಮೊಬೈಲಿನಲ್ಲಿ ನೀವೇ ಹಾಕಬಹುದು, ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲೂ ಹಾಕಿಸಬಹುದು.

ಅಕ್ಷಯಕ್ಕೆ ಹೋದರೆ ಒಂದು ಹಠ ಹಿಡಿಯಿರಿ. ಮೊಬೈಲ್ ನಂಬ್ರವೂ ಇಮೇಲೂ ನಿಮ್ಮದೇ ಇರಬೇಕು. ಗಡಿಬಿಡಿಯಲ್ಲಿ ಕೇಂದ್ರದವರದ್ದೋ ಪರಿಚಯದವರದ್ದೋ ಹಾಕಿಸಿದರೆ, ಅಧಿಕಾರಿ ಕೇಳಿದ ಪ್ರಶ್ನೆ ನಿಮಗೆ ಗೊತ್ತೇ ಆಗುವುದಿಲ್ಲ. ಪಾಸ್‌ವರ್ಡನ್ನೂ ಬರೆದು ತನ್ನಿ.

ಅರ್ಜಿಯಲ್ಲಿ ವ್ಯಾಪಾರದ ವಿಧ, ಹೂಡಿದ ಬಂಡವಾಳ, ಯಂತ್ರ ಇದ್ದರೆ ಅದರ ಶಕ್ತಿ ಕೇಳುತ್ತಾರೆ. ಶುಲ್ಕ ಬಂಡವಾಳದ ಮೇಲೆ ನಿಂತಿರುತ್ತದೆ. ಕಡಿಮೆ ತೋರಿಸಿದರೆ ಸ್ವಲ್ಪ ದುಡ್ಡು ಉಳಿಯಬಹುದು. ಆದರೆ ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅದೇ ಕಾಗದ ನಿಮ್ಮ ವಿರುದ್ಧ ನಿಲ್ಲುತ್ತದೆ.

ಮನೆ-ಅಂಗಡಿಗಳಿಂದ ಕಸ ಸಂಗ್ರಹಿಸುವ ಹಸಿರು ಕರ್ಮ ಸೇನೆಗೆ ಹಣ ಕಟ್ಟಿದ ರಶೀದಿಯನ್ನು ತೆಗೆದಿಡಿ, ಕೇಳುತ್ತಾರೆ. ಕೊಳೆಯುವ ಕಸವನ್ನು ಎಲ್ಲಿ ಹಾಕುತ್ತೀರಿ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಉತ್ತರ ತಯಾರಿರಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಲ್ತ್ ಇನ್ಸ್‌ಪೆಕ್ಟರ್ ಬಂದು ನೋಡುವುದು ಇದನ್ನೇ.

ಕೆ-ಸ್ವಿಫ್ಟ್ ಎಂಬ ಇನ್ನೊಂದು ದಾರಿ ಇದೆ, ಅದು ಉದ್ಯಮದ ಒಪ್ಪಿಗೆಗಳಿಗೆ ರಾಜ್ಯ ಸರ್ಕಾರದ ಆನ್‌ಲೈನ್ ತಾಣ. 2019ರ ಕೇರಳ ಕಾನೂನಿನಂತೆ ಸಣ್ಣ ಉದ್ಯಮಗಳಿಗೆ ಅಲ್ಲಿ ಒಂದು ಸ್ವೀಕೃತಿ ಪತ್ರ ಸಿಗುತ್ತದೆ. ಅದರ ಬಲದಲ್ಲಿ ಮೂರು ವರ್ಷ ರಾಜ್ಯದ ಒಪ್ಪಿಗೆಗಳಿಲ್ಲದೆ ಉದ್ಯಮ ನಡೆಸಬಹುದು. ಒಳ್ಳೆಯ ಸೌಲಭ್ಯ. ಆದರೆ ಅದು ಕೇಂದ್ರದ ಆಹಾರ ನೋಂದಣಿಗೆ ಬದಲಿ ಅಲ್ಲ. "ಸ್ವಿಫ್ಟ್ ಇದೆ, ಇನ್ನೇನು ಬೇಡ" ಎಂದು ಹೇಳಿಕೊಟ್ಟವರ ಮಾತು ಕೇಳಿ ತೊಂದರೆಗೆ ಬಿದ್ದವರು ಇದ್ದಾರೆ. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದರ ವಿವರ ಕೊಡುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿರುವ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾನೂನು ಕೊಟ್ಟಿದೆ. ನೋಟಿಸ್ ಮಲಯಾಳದಲ್ಲಿ ಬಂದು ಅರ್ಥವಾಗದಿದ್ದರೆ ಸಹಿ ಹಾಕಿ ಬಂದುಬಿಡಬೇಡಿ. ಕನ್ನಡದಲ್ಲಿ ಕೊಡಿ ಎಂದು ಬರೆದು ಕೇಳಿ. ಅದು ಉಪಕಾರ ಕೇಳಿದ ಹಾಗಲ್ಲ, ನಮ್ಮ ಹಕ್ಕು.

ಹಂತ 7: ಫೋಸ್ಕೋಸ್‌ನಲ್ಲಿ ಆಹಾರ ನೋಂದಣಿ

ತಾಣದ ವಿಳಾಸ "ಜಿಒವಿ ಡಾಟ್ ಇನ್" ಎಂದು ಮುಗಿಯುತ್ತದಾ ನೋಡಿ. ಹುಡುಕಿದಾಗ ಮೇಲೆ ಬರುವ ಕೆಲವು ಖಾಸಗಿ ತಾಣಗಳು ಸರ್ಕಾರದ್ದೇ ಎಂಬ ಹಾಗೆ ಕಾಣುತ್ತವೆ. ನೂರರ ಕೆಲಸಕ್ಕೆ ಸಾವಿರಾರು ರೂಪಾಯಿ ಕೇಳುತ್ತವೆ. ಪರದೆಯ ಮೇಲೆ ಕಾಣುವ ಸರ್ಕಾರಿ ಶುಲ್ಕ ಮತ್ತು ಅಕ್ಷಯದವರ ಸೇವಾ ಶುಲ್ಕ, ಎರಡನ್ನೂ ಬೇರೆ ಬೇರೆ ರಶೀದಿಯಲ್ಲಿ ಪಡೆಯಿರಿ.

ಸಣ್ಣವರ ಅರ್ಜಿ ಫಾರ್ಮ್ ಎ. ಫೋಟೋ, ಗುರುತಿನ ಚೀಟಿ, ಜಾಗದ ದಾಖಲೆ ಇಷ್ಟೇ ಮುಖ್ಯ. ಸ್ಕ್ಯಾನ್ ಮಾಡಿದ ಕಾಗದ ಓದಲು ಬರಬೇಕು. ನೆರಳು ಬಿದ್ದ ಮೊಬೈಲ್ ಫೋಟೋ ಹಾಕಿದವರಿಗೆ "ಸ್ಪಷ್ಟವಿಲ್ಲ" ಎಂದು ವಾಪಸ್ ಬರುತ್ತದೆ.

ವ್ಯಾಪಾರದ ವಿಧ ಆರಿಸುವ ಪುಟದಲ್ಲಿ ನಿಧಾನಿಸಿ. ತಯಾರಿ, ಚಿಲ್ಲರೆ ಮಾರಾಟ, ಆಹಾರ ಸೇವೆ ಎಂದು ಬೇರೆ ಬೇರೆ ಇರುತ್ತದೆ. ಉಪ್ಪಿನಕಾಯಿ ಹಾಕಿ ಬಾಟ್ಲಿಯಲ್ಲಿ ಮಾರುವವರದ್ದು ತಯಾರಿ. ಬೇರೆಯವರ ಬಾಟ್ಲಿ ತಂದು ಮಾರುವವರದ್ದು ಚಿಲ್ಲರೆ. ಹೋಟೆಲ್, ಚಾ ಅಂಗಡಿ, ಕ್ಯಾಟರಿಂಗ್ ಆಹಾರ ಸೇವೆ. ಸುಲಭ ಎಂದು "ಚಿಲ್ಲರೆ" ಆರಿಸಿ ಒಳಗೆ ಹಪ್ಪಳ ಮಾಡುತ್ತಿದ್ದರೆ ನಿಮ್ಮ ನೋಂದಣಿ ನಿಮ್ಮ ಕೆಲಸಕ್ಕೆ ಸಂಬಂಧವೇ ಇಲ್ಲದ ಕಾಗದ. ಎರಡೂ ಮಾಡುವವರು ಎರಡನ್ನೂ ಆರಿಸಿ. ಹಪ್ಪಳ, ಸಂಡಿಗೆ, ಪುನರ್ಪುಳಿ ಶರಬತ್ತು, ಬಾಳೆಕಾಯಿ ಚಿಪ್ಸ್ ಹೀಗೆ ಏನೆಲ್ಲ ಮಾಡುತ್ತೀರೋ ಅವನ್ನೆಲ್ಲ ಸೇರಿಸಿ. ಮುಂದಿನ ವರ್ಷ ಮಾಡುವ ಅಂದಾಜಿದ್ದರೆ ಅದನ್ನೂ.

ಹಣ ಕಟ್ಟಿದ ಮೇಲೆ ಅರ್ಜಿ ನಿಮ್ಮ ಸರ್ಕಲಿನ ಆಹಾರ ಸುರಕ್ಷತಾ ಅಧಿಕಾರಿಗೆ ಹೋಗುತ್ತದೆ. ನಿಯಮದ ಪ್ರಕಾರ ಏಳು ದಿನದೊಳಗೆ ಅವರು ನೋಂದಣಿ ಕೊಡಬೇಕು, ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇವೆ ಎನ್ನಬೇಕು. ತಪಾಸಣೆ ಎಂದರೆ 30 ದಿನದೊಳಗೆ ತೀರ್ಮಾನ.

ನಿಮಗೂ ಒಂದು ಗಡುವು ಇದೆ. ಅಧಿಕಾರಿ ಏನಾದರೂ ಕೇಳಿ ಅರ್ಜಿ ಮರಳಿಸಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅರ್ಜಿ ಮುಚ್ಚಿಹೋಗುತ್ತದೆ, ಕಟ್ಟಿದ ಹಣವೂ ಹೋಗುತ್ತದೆ. ವಾರಕ್ಕೆ ಎರಡು ಸಲವಾದರೂ ಲಾಗಿನ್ ಆಗಿ ನೋಡಿ. ಸಂಶಯ ಇದ್ದರೆ 1800112100ಕ್ಕೆ ಕರೆ ಮಾಡಿ, ಖರ್ಚಿಲ್ಲ.

ಸಿಗುವ ನಂಬ್ರ 14 ಅಂಕಿಯದು. ನೋಂದಣಿ 2ರಿಂದ, ಲೈಸೆನ್ಸ್ 1ರಿಂದ ಶುರುವಾಗುತ್ತದೆ. ಅದರ ನಂತರದ ಎರಡು ಅಂಕಿ ರಾಜ್ಯದ್ದು, ಕೇರಳಕ್ಕೆ 13. ಏಜೆಂಟ್ ಕೊಟ್ಟ ಕಾಗದದಲ್ಲಿ ಹೀಗಿಲ್ಲದಿದ್ದರೆ ತಾಣದಲ್ಲಿ ನಂಬ್ರ ಹಾಕಿ ಪರೀಕ್ಷಿಸಿ.

ಹಂತ 8: ತಪಾಸಣೆಯ ದಿನ ಏನು ನೋಡುತ್ತಾರೆ

ಅಧಿಕಾರಿ ಬರುವ ದಿನ ತೊಳೆದು ಸಾರಿಸಿದರೆ ಸಾಲದು. ಅವರು ನೋಡುವುದು ಹೊಳಪನ್ನಲ್ಲ, ವ್ಯವಸ್ಥೆಯನ್ನು. ಬಾಗಿಲಲ್ಲಿ ನಿಂತು ಅವರ ಕಣ್ಣಿನಿಂದ ಒಮ್ಮೆ ನೋಡಿ.

ಕೈ ತೊಳೆಯುವ ಜಾಗ ಪಾತ್ರೆ ತೊಳೆಯುವ ಜಾಗಕ್ಕಿಂತ ಬೇರೆ ಇದೆಯಾ? ಸಾಬೂನು ಇದೆಯಾ? ಹಂಚಿನ ಮಾಡಾದರೆ ಒಲೆ ಮತ್ತು ಮೇಜಿನ ಮೇಲೆ ಧೂಳು, ಜೇಡರ ಬಲೆ ಬೀಳದ ಹಾಗೆ ಅಡಿಯಲ್ಲಿ ಏನಾದರೂ ಹೊದಿಸಿದ್ದೀರಾ? ಕಿಟಕಿಗೆ ಬಲೆ? ಚರಂಡಿಯ ಬಾಯಿಗೆ ಇಲಿ ಬರದ ಹಾಗೆ ಜಾಲರಿ? ಅಕ್ಕಿ ಚೀಲ ನೆಲಕ್ಕೆ ತಾಗಿ ಇದೆಯಾ, ಹಲಗೆಯ ಮೇಲಿದೆಯಾ? ಫಿನಾಯಿಲ್, ಇಲಿ ಪಾಷಾಣ ಮಸಾಲೆ ಡಬ್ಬದ ಪಕ್ಕದಲ್ಲಿ ಇದ್ದರೆ ಇವತ್ತೇ ಹೊರಗೆ ಹಾಕಿ. ಫ್ರಿಜ್‌ನಲ್ಲಿ ಹಸಿ ಮೀನು-ಮಾಂಸ ಕೆಳಗೆ, ಬೇಯಿಸಿದ್ದು ಮೇಲೆ, ಎಲ್ಲಕ್ಕೂ ಮುಚ್ಚಳ.

ಕರಿದ ಎಣ್ಣೆಯ ಬಗ್ಗೆ ಖಂಡಿತ ಕೇಳುತ್ತಾರೆ. ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ (ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶ) 25 ಶೇಕಡಾ ದಾಟಿದರೆ ಬಳಸಬಾರದು. ಅಳೆಯುವ ಉಪಕರಣ ಸಣ್ಣವರಲ್ಲಿ ಇರುವುದಿಲ್ಲ. ಬಣ್ಣ ಕಪ್ಪಾಗಿ, ಬೇಗ ಹೊಗೆ ಬಂದು, ನೊರೆ ಇಳಿಯದೆ ನಿಂತರೆ ಆ ಎಣ್ಣೆ ಮುಗಿಯಿತು. ನಿನ್ನೆಯ ಎಣ್ಣೆಗೆ ಇವತ್ತು ಹೊಸದು ಸುರಿಯುತ್ತಾ ಹೋಗುವ ಅಭ್ಯಾಸ ಬಿಡಿ.

ಗ್ಯಾಸ್ ವಾಣಿಜ್ಯ ಸಿಲಿಂಡರಿನದ್ದೇ ಇರಬೇಕು, ಸಾಮಾನ್ಯವಾಗಿ 19 ಕಿಲೋದ್ದು. ಮನೆಯ ಸಿಲಿಂಡರ್ ಹೋಟೆಲಿನಲ್ಲಿ ಕಂಡರೆ ಅದು ಬೇರೆಯೇ ಕೇಸ್.

ಶವರ್ಮ, ಬರ್ಗರ್ ಮಾಡುವವರಿಗೆ: ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿದೆ. ಪಾಶ್ಚರೀಕರಿಸಿದ ಮೊಟ್ಟೆಯದ್ದು ಅಥವಾ ಸಸ್ಯಜನ್ಯ ಮಯೋನೀಸ್ ಮಾತ್ರ. ಪಾರ್ಸೆಲ್ ಕೊಟ್ಟರೆ ತಯಾರಿಸಿದ ದಿನ, ಸಮಯ, ಯಾವಾಗಿನ ಒಳಗೆ ತಿನ್ನಬೇಕು ಎಂಬ ಚೀಟಿ ಅಂಟಿಸಬೇಕು.

ಹಂತ 9: ಪ್ಯಾಕೆಟ್ ಮಾರುವವರಿಗೆ ಲೇಬಲ್

ನೋಂದಣಿ ಸಿಗುವ ಮೊದಲು ಸಾವಿರಾರು ಲೇಬಲ್ ಪ್ರಿಂಟ್ ಮಾಡಿಸಬೇಡಿ. ನಂಬ್ರ ಇಲ್ಲದ ಲೇಬಲ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ.

ಆಹಾರದ ಹೆಸರು, ಹಾಕಿದ ಸಾಮಗ್ರಿಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿ, ನಿವ್ವಳ ತೂಕ, ಬೆಲೆ, ಬ್ಯಾಚ್ ನಂಬ್ರ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಸಸ್ಯಾಹಾರದ ಹಸಿರು ಗುರುತು, ತಯಾರಕರ ಪೂರ್ತಿ ವಿಳಾಸ, ದೂರು ಹೇಳಲು ಫೋನ್, 14 ಅಂಕಿಯ ನಂಬ್ರ. ಹಪ್ಪಳದ ಪ್ಯಾಕೆಟಿನಲ್ಲಿ "25 ಹಪ್ಪಳ" ಎಂದಷ್ಟೇ ಬರೆದು ತೂಕ ಬಿಡುವುದು ತುಂಬಾ ಕಾಣುವ ತಪ್ಪು. "ಮನೆಯಲ್ಲೇ ತಯಾರಿಸಿದ್ದು" ಎಂದು ದೊಡ್ಡದಾಗಿ ಬರೆದ ಮಾತ್ರಕ್ಕೆ ಉಳಿದದ್ದರಿಂದ ವಿನಾಯಿತಿ ಇಲ್ಲ.

ತೂಕ-ಅಳತೆ ನೋಡುವ ಲೀಗಲ್ ಮೆಟ್ರಾಲಜಿ ಇಲಾಖೆಯಲ್ಲಿ ಪ್ಯಾಕರ್ ನೋಂದಣಿ ಬೇರೆ ಮಾಡಿಸಬೇಕು. ತಕ್ಕಡಿಗೆ ಅವರ ಮುದ್ರೆಯೂ ಬೇಕು.

ಈ ಲಕ್ಷಣ ಕಂಡರೆ ಅಲ್ಲೇ ನಿಲ್ಲಿ

ಕಟ್ಟಡದ ಯಜಮಾನರು ತೆರಿಗೆ ರಶೀದಿ ತೋರಿಸಲು ದಿನ ದೂಡುತ್ತಿದ್ದರೆ ಅಡ್ವಾನ್ಸ್ ಕೊಡಬೇಡಿ. ನೀರಿನ ಸ್ಯಾಂಪಲ್ ಇಲ್ಲದೆ ವರದಿ ಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ. ವೈದ್ಯರು ನೋಡದೆ ಹೆಲ್ತ್ ಕಾರ್ಡ್ ತಂದುಕೊಡುವ ಮಧ್ಯವರ್ತಿಯನ್ನು ದೂರ ಇಡಿ, ಆ ಕಾರ್ಡಿಗೆ ಜವಾಬ್ದಾರರು ನೀವೇ ಆಗುತ್ತೀರಿ. "ಬೇರೆಯವರ ನಂಬ್ರ ಹಾಕಿ ಸದ್ಯಕ್ಕೆ ಮಾರಿ" ಎನ್ನುವ ಸಲಹೆ ಬಂದರೆ ಬೇಡ ಎನ್ನಿ. ಆ ಪ್ಯಾಕೆಟಿನಿಂದ ಯಾರಿಗಾದರೂ ತೊಂದರೆ ಆದರೆ ಎರಡು ಮನೆ ಒಟ್ಟಿಗೆ ಮುಳುಗುತ್ತವೆ.

ಕಾಗದ ಕೈಗೆ ಬಂದ ಮೇಲೆ

ಪ್ರಮಾಣಪತ್ರವನ್ನು ಗಿರಾಕಿಗೆ ಕಾಣುವ ಕಡೆ ತೂಗುಹಾಕಿ. ಬಿಲ್ಲಿನಲ್ಲೂ ನಂಬ್ರ ಬರಬೇಕು, 2022ರ ಜನವರಿಯಿಂದ ಅದು ಕಡ್ಡಾಯ. ಕೆಲಸದವರಿದ್ದರೆ ಕಾರ್ಮಿಕ ಇಲಾಖೆಯ ನೋಂದಣಿಯನ್ನೂ ಮುಗಿಸಿ. ಪಂಚಾಯತ್ ಲೈಸೆನ್ಸ್, ನೀರಿನ ವರದಿ, ಹೆಲ್ತ್ ಕಾರ್ಡ್, ತಕ್ಕಡಿ ಮುದ್ರೆ ಒಂದೊಂದರ ಅವಧಿ ಒಂದೊಂದು ದಿನ ಮುಗಿಯುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿಯುವ ದಿನಕ್ಕಿಂತ ಒಂದು ತಿಂಗಳ ಹಿಂದೆ ಗುರುತು ಹಾಕಿ.

ಜಾಗ ಬದಲಾದರೆ ಹೊಸ ಜಾಗಕ್ಕೆ ಹೊಸ ನೋಂದಣಿ ಮಾಡಿಸಿ, ಹೊಸ ತಿಂಡಿ ಶುರುಮಾಡಿದರೆ ಇರುವ ನೋಂದಣಿಯಲ್ಲಿ ಬದಲಾವಣೆ ಮಾಡಿಸಿ. ವ್ಯಾಪಾರವನ್ನು ಮಗನಿಗೋ ತಂಗಿಗೋ ಬಿಟ್ಟುಕೊಟ್ಟಾಗ ಹಳೇ ಹೆಸರಿನಲ್ಲೇ ಮುಂದುವರಿಸಬೇಡಿ.

ಅಧಿಕಾರಿ ಸುಧಾರಣಾ ನೋಟಿಸ್ ಕೊಟ್ಟರೆ ಅದು ಅಂಗಡಿ ಮುಚ್ಚುವ ಆದೇಶ ಅಲ್ಲ. ಏನು ಸರಿಮಾಡಬೇಕು, ಎಷ್ಟು ದಿನದೊಳಗೆ ಎಂದು ಅದರಲ್ಲೇ ಇರುತ್ತದೆ. ಸರಿಮಾಡಿ, ಫೋಟೋ ತೆಗೆದು, ಬರಹದಲ್ಲಿ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸ್ ತಪ್ಪೆಂದು ಅನ್ನಿಸಿದರೆ 15 ದಿನ ಅಥವಾ ನೋಟಿಸಿನಲ್ಲಿ ಕೊಟ್ಟ ಅವಧಿ, ಯಾವುದು ಮೊದಲು ಮುಗಿಯುತ್ತದೋ ಅದರೊಳಗೆ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು. ಆ ದಿನಗಳ ಲೆಕ್ಕ ನೋಟಿಸ್ ಕೈಗೆ ಸಿಕ್ಕ ದಿನದಿಂದ ಶುರುವಾಗುತ್ತದೆ, ಆದ್ದರಿಂದ ಸಹಿ ಹಾಕುವಾಗ ದಿನಾಂಕವನ್ನೂ ಬರೆಯಿರಿ.